ಎಡಗೈಗೆ ಸಿಕ್ಕ ಡ್ರಿಲ್ಲಿಂಗ್ ಮೆಷಿನ್ನು

ನಾಲ್ಕು ಜನರ ಸಲಹೆ ಕೇಳಿದರೆ ಕೆಲವರಿಗೆ ಧೈರ್ಯ ಬರುತ್ತದಂತೆ. ನನಗೆ ಮಾತ್ರ ಪ್ರತಿ ಸಲಹೆಗೂ ಇದ್ದ ಧೈರ್ಯ ಒಂದಿಷ್ಟು ಇಳಿಯುತ್ತದೆ. ಒಬ್ಬರ ಮಾತು ನಂಬಿ ಹೊರಟರೆ ಇನ್ನೊಬ್ಬರು ಎದುರು ಬಂದು ಅದಕ್ಕೆ ತದ್ವಿರುದ್ಧ ಹೇಳುತ್ತಾರೆ. ನನ್ನ ದುರದೃಷ್ಟಕ್ಕೆ ಇಬ್ಬರೂ ಸರಿಯೆನಿಸುತ್ತಾರೆ. ಅರಸೀಕೆರೆಯ ಕಾಲೇಜೊಂದರ ಗ್ರಂಥಾಲಯದಲ್ಲಿ ಕೂತು ‘ಸದ್ದು ಮಾಡಬೇಡಿ’ ಎನ್ನುವುದೇ ನನ್ನ ಉದ್ಯೋಗ. ಅಂಥವನ ಕೈಗೆ ಇಡೀ ಬೀದಿಗೆ ಕೇಳುವಂತೆ ಅರಚುವ ಡ್ರಿಲ್ಲಿಂಗ್ ಮೆಷಿನ್ ಕೊಟ್ಟವನು ನನ್ನ ಹೆಂಡತಿ ಲತಾಳ ತಮ್ಮ ಮಂಜು. ಬೇಲೂರಿನಲ್ಲಿ ಅವನಿಗೊಂದು ಹಾರ್ಡ್‌ವೇರ್ ಅಂಗಡಿಯಿದೆ. ನಮ್ಮ ಗೃಹಪ್ರವೇಶಕ್ಕೆ ಬಂದವರೆಲ್ಲ ಗೋಡೆ ಗಡಿಯಾರ ಕೊಟ್ಟರೆ, ಅವನು ಅವನ್ನೆಲ್ಲ ನೇತುಹಾಕುವ ಉಪಾಯ ಕೊಟ್ಟ.

ಆ ಮೆಷಿನ್ ಅಟ್ಟದ ಮೇಲೆ ಸುಖವಾಗಿಯೇ ಇತ್ತು. ಆದರೆ ತಮ್ಮೂರು ಗಂಡಸಿಯಿಂದ ನಮ್ಮತ್ತೆ ಬಂದರು. ಅಡುಗೆಮನೆಯ ಮೂಲೆಯಲ್ಲಿ ನೆಲದ ಮೇಲೇ ಕೂತಿದ್ದ ಸ್ಟೀಲಿನ ತಟ್ಟೆ ಸ್ಟ್ಯಾಂಡನ್ನು ಕಾಲಿನ ಹೆಬ್ಬೆರಳಿಗೆ ತಾಗಿಸಿಕೊಂಡರು. "ಇದುನ್ನ ಗ್ವಾಡೆಗೆ ಹಾಕಾಕೆ ಏನು ಮುಹೂರ್ತ ನೋಡ್ಬೇಕಾ?" ಎಂದು ಮಗಳನ್ನು ಕೇಳಿದರು. ಪ್ರಶ್ನೆ ಮಗಳಿಗೆ, ಉತ್ತರ ಕೊಡಬೇಕಾದವನು ಅಳಿಯ. ನಾನು ಭಾನುವಾರ ಬೆಳಿಗ್ಗೆ ಅಟ್ಟ ಹತ್ತಿದೆ.

"ಮಂಜು ಬರೋವರೆಗೂ ಇರ್ಲಿ ಬಿಡ್ರಿ," ಎಂದಳು ಲತಾ. ಆ ಮಾತಿನಲ್ಲಿ ಕಾಳಜಿಯಿತ್ತೋ ಅಪನಂಬಿಕೆಯಿತ್ತೋ ತಿಳಿಯದೆ, ಅಪನಂಬಿಕೆಯೆಂದೇ ಹಿಡಿದು ಇನ್ನಷ್ಟು ಹಟ ಮಾಡಿದೆ.

ಅಂಗಳದಲ್ಲಿ ಮೆಷಿನ್ ಒರೆಸುತ್ತಿದ್ದಾಗ ಪಕ್ಕದ ಮನೆಯ ರಂಗಸ್ವಾಮಿ ಕಾಂಪೌಂಡಿನ ಆಚೆಯಿಂದ ಇಣುಕಿದರು. ಬಸ್ ಡ್ರೈವರ್ ಆಗಿ ನಿವೃತ್ತರಾದವರು. "ಗ್ಲೌಸ್ ಇಲ್ದೆ ಕರೆಂಟ್ ಸಾಮಾನು ಮುಟ್ಟಬ್ಯಾಡಿ ಸಾರ್," ಎಂದು ತಮ್ಮ ಬೈಕಿನ ಗ್ಲೌಸನ್ನೇ ತಂದುಕೊಟ್ಟರು. ಹಾಕಿಕೊಂಡು, ಹೆಮ್ಮೆಯಿಂದ ಮಂಜುವಿಗೆ ಫೋನ್ ಮಾಡಿದೆ. ಅವನು ಹೌಹಾರಿದ. "ಅಯ್ಯೋ ಭಾವ, ತಿರುಗೋ ಮೆಷಿನ್ನಿಗೆ ಗ್ಲೌಸ್ ಹಾಕ್ಬಾರ್ದು! ತುದಿ ಸಿಕ್ಕೊಂಡ್ರೆ ಬೆರಳನ್ನೂ ಎಳ್ಕೊಳುತ್ತೆ. ಕಣ್ಣಿಗೆ ಕನ್ನಡಕ ಇರ್ಲಿ, ಕಾಲಿಗೆ ಚಪ್ಪಲಿ ಇರ್ಲಿ, ಸಡಿಲ ಬಟ್ಟೆ ಬೇಡ. ಬೇಡ ಬಿಡಿ, ಮುಂದಿನ ವಾರ ನಾನೇ ಬರ್ತೀನಿ." ರಂಗಸ್ವಾಮಿ ಇನ್ನೂ ಕಾಂಪೌಂಡಿನಲ್ಲೇ ನಿಂತಿದ್ದರು. ಇಬ್ಬರ ಮನಸ್ಸೂ ನೋಯಬಾರದೆಂದು ನಾನು ಬಲಗೈಯ ಗ್ಲೌಸ್ ಉಳಿಸಿಕೊಂಡು ಎಡಗೈಯದನ್ನು ತೆಗೆದೆ. ಸಡಿಲ ಬಟ್ಟೆ ಎಂದಾಗ ನನಗೆ ಹೊಳೆದದ್ದು ನನ್ನ ಪಂಚೆ ಮಾತ್ರ. ಅದನ್ನು ಬಿಚ್ಚಿ ಪ್ಯಾಂಟು ಹಾಕಿಕೊಂಡೆ.

ಮೆಷಿನ್ ಮೇಲೆ ಒಂದು ಪುಟ್ಟ ಗುಬಟು, ಅದರ ಎರಡು ಕಡೆ ‘ಎಲ್’ ಮತ್ತು ‘ಆರ್’ ಎಂಬ ಅಕ್ಷರಗಳಿದ್ದವು. ಎಡಗೈಯವರಿಗೊಂದು, ಬಲಗೈಯವರಿಗೊಂದು ಅನುಕೂಲ ಮಾಡಿಟ್ಟಿದ್ದಾರೆಂದು ನನಗೆ ಕಂಪನಿಯ ಮೇಲೆ ಗೌರವವೇ ಬಂತು. ನಾನು ಎಡಚ. ‘ಎಲ್’ ಕಡೆಗೆ ತಳ್ಳಿ, ಗೋಡೆಗೆ ಆನಿಸಿ ಒತ್ತಿದೆ.

ಮನೆಯೆಲ್ಲ ನಡುಗುವಂಥ ಸದ್ದು. ಅತ್ತೆ ಒಂದು ಕೈಯಿಂದ ಕಿವಿ ಮುಚ್ಚಿಕೊಂಡು, ಇನ್ನೊಂದನ್ನು ಮೆಷಿನ್ನಿನ ವೈರು ಸಿಕ್ಕಿಸಿದ್ದ, ಮಿಕ್ಸಿಯ ಪಕ್ಕದ ಸ್ವಿಚ್ಚಿನ ಮೇಲಿಟ್ಟು ನಿಂತರು. ಎಷ್ಟು ಹೊತ್ತು ಒತ್ತಿದರೂ ಗೋಡೆಯ ಮೇಲೆ ಬೊಟ್ಟಿನಷ್ಟು ಕಪ್ಪು ಕಲೆಯಾಯಿತೇ ಹೊರತು ತೂತಾಗಲಿಲ್ಲ. "ಹಳೇಬೀಡ್ ಕಡೆಯೋರು, ಒಂದು ತೂತಿಗೆ ಇಷ್ಟೊತ್ತಾ?" ಎಂದರು ಅತ್ತೆ. ನಮ್ಮೂರು ಹಳೇಬೀಡಿಗೆ ಕೂಗಳತೆ ದೂರ ಎಂಬುದು ನಿಜ. ಕಲ್ಲಿನಲ್ಲಿ ಬಳೆ ಬಿಡಿಸಿದವರ ನೆರೆಯವನಿಗೆ ಇಟ್ಟಿಗೆ ಗೋಡೆ ಮಣಿಯುತ್ತಿಲ್ಲ ಎಂಬ ಅವಮಾನಕ್ಕೆ ಮೈಭಾರವನ್ನೆಲ್ಲ ಬಿಟ್ಟು ಅದುಮಿದೆ.

ಆಗ ಲತಾ ಮೊಬೈಲಿನ ಬೆಳಕು ಹಿಡಿದು, "ಎಲ್ಲಿ, ಸ್ವಲ್ಪನಾದ್ರೂ ಒಳಗೆ ಹೋಯ್ತಾ?" ಎನ್ನುತ್ತ ಬಾಗಿದಳು. ಅವಳ ಸೆರಗಿನ ತುದಿ ತಿರುಗುವ ಮೊನೆಗೆ ತಾಗಿದ್ದೇ ತಡ, ಸರಸರ ಸುತ್ತಿಕೊಂಡಿತು. ನಾನು ಬೆರಳು ತೆಗೆದೆ. ಮೆಷಿನ್ ನಿಲ್ಲಲಿಲ್ಲ! ಮತ್ತೆ ಒತ್ತಿ ಬಿಟ್ಟೆ, ಆಗಲೂ ನಿಲ್ಲಲಿಲ್ಲ. ಹಿಂದಕ್ಕೆ ಎಳೆದುಕೊಂಡರೆ ಅವಳೂ ಜೊತೆಗೆ ಬಂದಳು. "ಬಿಡ್ರೀ!" ಎಂದು ಅವಳು ಕಿರುಚಿದಳು. "ಬಿಟ್ಟಿದೀನಿ ಕಣೇ!" ಎಂದು ನಾನೂ ಕಿರುಚಿದೆ. ಮೆಷಿನ್ ಅವಳ ಭುಜದ ಹತ್ತಿರ ಬಂದಿತ್ತು. ಅದನ್ನು ಕೆಳಗೆ ಹಾಕಬೇಕೋ, ಗಟ್ಟಿಯಾಗಿ ಹಿಡಿಯಬೇಕೋ ತಿಳಿಯದೆ ನನ್ನ ತಲೆ ಬರಿದಾಗಿ ಹೋಯಿತು.

ಸದ್ದು ನಿಂತಿತು. ಅತ್ತೆ ಸ್ವಿಚ್ ಆರಿಸಿದ್ದರು.

ಸೀರೆ ಎಳೆದು ಲತಾಳ ಕತ್ತಿನ ಮೇಲೆ ಕೆಂಪು ಗೆರೆ ಮೂಡಿತ್ತು. ಅವಳು ಮೊನೆಯಿಂದ ಸೆರಗನ್ನು ಒಂದೊಂದೇ ಸುತ್ತು ಬಿಡಿಸುವಾಗ ನಾನು ಮೆಷಿನ್ನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದೆ. "ನಾನು ಬಿಟ್ಟೆ ಕಣೇ, ಅದು ಬಿಡ್ಲಿಲ್ಲ," ಎಂದೆ. ಅವಳು ನನ್ನ ಮುಖ ನೋಡಿ, ಬೈಯಲು ಹೊರಟವಳು ಬೈಯದೆ, "ಮೊದ್ಲು ನೀರು ಕುಡೀರಿ," ಎಂದಳು. ಬೈದಿದ್ದರೇ ಹಗುರವಾಗುತ್ತಿತ್ತು.

ಮುಂದಿನ ವಾರ ಮಂಜು ಬಂದು ವಿವರಿಸಿದ. ಹಿಡಿಯ ಎಡಬದಿಯಲ್ಲಿ ಒಂದು ಗುಂಡಿಯಿದೆ. ಒತ್ತಿದರೆ ಬೆರಳು ತೆಗೆದರೂ ಮೆಷಿನ್ ಓಡುತ್ತಲೇ ಇರುತ್ತದೆ. ಎಡಗೈಯಲ್ಲಿ ಹಿಡಿದರೆ ಅಂಗೈಯೇ ಅದನ್ನು ಒತ್ತಿಬಿಡುತ್ತದೆ. ಇನ್ನು ‘ಎಲ್’ ಎಂದರೆ ಎಡಕ್ಕೆ ತಿರುಗುವುದು. ಅದು ಸ್ಕ್ರೂ ಬಿಚ್ಚಲು. "ಅಂದ್ರೆ ಭಾವ, ನೀವು ಅಷ್ಟು ಹೊತ್ತು ಗೋಡೆನ ಬಿಚ್ತಾ ಇದ್ರಿ," ಎಂದ. ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಮಂಜುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಲತಾಳನ್ನು ಪಡಸಾಲೆಗೆ ಕಳಿಸಿ, ಸ್ಟ್ಯಾಂಡನ್ನು ನಾನೇ ಹಾಕಿದೆ.

ಸದ್ದು ಕೇಳಿದ್ದ ರಂಗಸ್ವಾಮಿ ನನ್ನನ್ನು ಪಳಗಿದವನೆಂದು ತಿಳಿದರೋ ಏನೋ, "ನಮ್ಮಲ್ಲೂ ಕನ್ನಡಿಗೊಂದು ತೂತು ಹಾಕ್ಕೊಡಿ ಸಾರ್," ಎಂದು ಕರೆದರು. ಹೋದೆ. ಅವರ ಮನೆಯವರನ್ನೆಲ್ಲ ಬಾಗಿಲಾಚೆ ನಿಲ್ಲಿಸಿದೆ. ರಂಗಸ್ವಾಮಿಯ ಶಾಲು ತೆಗೆಸಿ, ಅವರನ್ನು ಸ್ವಿಚ್ಚಿನ ಹತ್ತಿರ ನಿಲ್ಲಿಸಿದೆ. ಕನ್ನಡಕ ಹಾಕಿ, ಅಂಗಿಯ ತೋಳು ಮಡಿಸಿ, ಬಾರದ ಬಲಗೈಯಲ್ಲೇ ಮೆಷಿನ್ ಹಿಡಿದು, ಗುಬಟನ್ನು ‘ಆರ್’ಗೆ ತಳ್ಳಿ, ಬೆರಳು ತೆಗೆದರೆ ನಿಲ್ಲುತ್ತದೆಯೇ ಎಂದು ಗಾಳಿಯಲ್ಲಿ ಪರೀಕ್ಷಿಸಿ, ಆಮೇಲೆ ಒತ್ತಿದೆ. ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಜೀವನದಲ್ಲಿ ಅಷ್ಟು ದುಂಡನೆಯ ತೂತು ನಾನು ಹಾಕಿರಲಿಲ್ಲ. ಕನ್ನಡಕ ತೆಗೆದು ಮೆಚ್ಚುಗೆಗಾಗಿ ತಿರುಗಿದೆ.

ರಂಗಸ್ವಾಮಿ ಸ್ವಿಚ್ ಆರಿಸಿ, ಬಹಳ ಸಂಕೋಚದಿಂದ ಎದುರು ಗೋಡೆಯತ್ತ ಕೈ ತೋರಿಸಿದರು.

"ಕನ್ನಡಿ ಆ ಕಡೆಗೆ ಸಾರ್. ಎಲ್ಲಿಗೆ ಅಂತ ನೀವು ಕೇಳ್ಲೇ ಇಲ್ವಲ್ಲ."