ಅಮೆಯೂ ಸಿನಿಮಾ ನಟನ ಉತ್ತರವೂ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲು ಹೇಳದೆ ನನ್ನಿಂದ ಮುಂದಿನದು ಬರೆಯಲಾಗದು. ತಲೆ ತುಂಬ ಕೂದಲು, ಮೂಗು ನನ್ನದೇ. ಹೆಂಡತಿ ಗಿರಿಜ ಒಪ್ಪುವುದಿಲ್ಲ.

ಅಂಥ ಸಂತೋಷಕ್ಕೆ ನಾನೇ ಕೈಯಾರೆ ಮಣ್ಣು ಹಾಕಿದೆ. ಕುಂದಾಪುರದ ಆಸ್ಪತ್ರೆಯಿಂದ ಮಗ ಫೋನ್ ಮಾಡಿದ್ದೇ ತಡ, ಬಲೆ ಹೊಲಿಯುತ್ತಿದ್ದವನು ಹಾಗೇ ಎದ್ದು ನಮ್ಮ ಕೇರಿಯ ದೇವಸ್ಥಾನಕ್ಕೆ ಓಡಿದೆ. ಗಂಟೆ ಹೊಡೆದೆ, ತೀರ್ಥ ಕುಡಿದೆ, ನಿಂತವರಿಗೆಲ್ಲ ಮೊಮ್ಮಗಳು ಹುಟ್ಟಿದಳೆಂದು ಹೇಳಿ ನನ್ನ ಕೈಯಿಂದಲೇ ಪ್ರಸಾದ ಹಂಚಿದೆ. ಮನೆಯಲ್ಲಿ ಮಗು ಹುಟ್ಟಿದರೆ ಹತ್ತು ದಿನ ಅಮೆ ಎಂಬ ಸೂತಕ, ದೇವಸ್ಥಾನದ ಮೆಟ್ಟಿಲು ಹತ್ತಬಾರದು ಎಂದು ನಮ್ಮ ಉಪ್ಪುಂದದಲ್ಲಿ ಯಾರಿಗೆ ಗೊತ್ತಿಲ್ಲ? ಭಟ್ಟರು ಬಾವಿ ನೀರು ಸೇದಿ ಸೇದಿ ಎಲ್ಲ ಶುದ್ಧ ಮಾಡಿದರು. ಪ್ರಸಾದ ತಿಂದವರು ಮತ್ತೊಮ್ಮೆ ಮಿಂದರು.

ಮರುದಿನವೇ ಊರವರು ಮೊಮ್ಮಗಳಿಗೆ ‘ಅಮೆ ಹೆಣ್ಣು’ ಎಂದು ಹೆಸರಿಟ್ಟರು. ನಮ್ಮಲ್ಲಿ ಅಡ್ಡಹೆಸರು ಅಂಟಿದರೆ ಬಿಡುವುದಿಲ್ಲ. ನಾಳೆ ಶಾಲೆಯಲ್ಲೂ ಕರೆಯುತ್ತಾರೆ, ಮದುವೆ ಮಂಟಪದಲ್ಲೂ ಪಿಸುಗುಟ್ಟುತ್ತಾರೆ. ನನಗೆ ಅನ್ನ ಇಳಿಯಲಿಲ್ಲ.

ಆಗ ಟೀವಿಯಲ್ಲಿ ಒಬ್ಬ ಸಿನಿಮಾ ನಟನನ್ನು ಕಂಡೆ. ಯಾವುದೋ ಹಗರಣದಲ್ಲಿ ಮಾನ ಕಳೆದುಕೊಂಡವನು. ಸಂದರ್ಶನ ಮಾಡುವವಳು ಕೇಳಬಾರದ್ದನ್ನು ಕೇಳಿದರೂ ಅವನು ಬೆವರಲಿಲ್ಲ. ನಕ್ಕ, ಒಂದು ಗುಟುಕು ನೀರು ಕುಡಿದ, ಅದು ನನ್ನ ಖಾಸಗಿ ವಿಷಯ ಎಂದ, ಮತ್ತೆ ತನ್ನ ಹೊಸ ಸಿನಿಮಾದ ಸುದ್ದಿ ತೆಗೆದ. ಕೇಳಿದವಳೇ ಪ್ರಶ್ನೆ ಮರೆತಳು. ಮನುಷ್ಯ ಕಲಿಯಬೇಕಾದ ವಿದ್ಯೆ ಇದೇ ಅನಿಸಿತು.

ಮೀನು ಮಾರ್ಕೆಟ್ಟಿನಲ್ಲಿ ನೆರೆಮನೆಯ ಮಂಜಣ್ಣ ಹಿಡಿದ. "ಹ್ವಾಯ್ ಸುಬ್ಬಣ್ಣ, ದೇವ್ರಿಗೇ ಅಮೆ ಮುಟ್ಸಿದ್ರಿ ಅಂಬ್ರಲೆ?"

ನಕ್ಕೆ. ನೀರಿರಲಿಲ್ಲ, ಉಗುಳು ನುಂಗಿದೆ. ಖಾಸಗಿ ವಿಷಯ ಎಂದೆ.

"ಗಂಟಿ ಹೊಡ್ದ್ ಊರಿಗೆಲ್ಲ ಹೇಳಿದ್ ಎಂತ ಖಾಸಗಿ ಮಾರಾಯ್ರೆ?"

ನನ್ನ ಹತ್ತಿರ ಹೊಸ ಸಿನಿಮಾ ಎಲ್ಲಿದೆ? ಈ ಸಲ ಬಂಗುಡೆ ಸಣ್ಣದು ಎಂದೆ. ಮೀನು ಮಾರುವ ಹೆಂಗಸರೆಲ್ಲ ನಕ್ಕರು.

ಇವತ್ತಿಗೆ ಅಮೆ ಕಳೆಯಿತು. ಸಂಜೆ ಸೊಸೆ ಸುಮ ಮಗುವಿನೊಂದಿಗೆ ಮನೆಗೆ ಬಂದಳು. ಎಲ್ಲರೂ ಊಟಕ್ಕೆ ಕೂತಾಗ ಅವಳೇ ಕೇಳಿದಳು, ಗೊತ್ತಿದ್ದೂ ಯಾಕೆ ಹೋದಿರಿ ಎಂದು. ನಟನ ಹಾಗೆ ನಗಲು ನೋಡಿದೆ, ಬಾಯಿ ಸೊಟ್ಟಗಾಯಿತು. ಕೊನೆಗೆ ಅವಳಿಗೆ ಇದ್ದದ್ದನ್ನೇ ಹೇಳಿದೆ.

"ಹೆಣ್ಣ್ ಹುಟ್ಟಿತ್ ಅಂದ್ ಕೂಡ್ಲೆ ಯಾರಿಗಾರೂ ಹೇಳ್ಕ್ ಅಂತ ಆಯ್ತ್. ಅಮೆ ನೆನ್ಪೇ ಆಯಿಲ್ಲೆ. ಅದ್ರ್ ಹೆಸ್ರ್ ಹಾಳ್ ಮಾಡ್ದೆ ಮಗಾ."

ಸುಮ ಮಗುವನ್ನು ಮಡಿಲಲ್ಲಿ ಸರಿಮಾಡಿಕೊಂಡಳು. "ಕರೀಲಿ ಬಿಡಿ ಮಾವ. ಎಂತಕೆ ಆ ಹೆಸ್ರ್ ಅಂತ ನಾಳೆ ಹೆಣ್ಣ್ ಕೇಂಡ್ರೆ, ಅಜ್ಜ ಓಡಿದ್ ಕಥಿ ಹೇಳ್ತೆ."

ಗಿರಿಜ ನನ್ನ ಬಟ್ಟಲಿಗೆ ಮೀನಿನ ದೊಡ್ಡ ತುಂಡು ಹಾಕಿದಳು. ಎಲ್ಲರೂ ಉಣ್ಣತೊಡಗಿದೆವು. ಹೆಸರಂತೂ ಉಳಿಯುತ್ತದೆ, ಅದರಲ್ಲಿ ನನಗೆ ಸಂಶಯವಿಲ್ಲ. ಆ ದುಃಖದಲ್ಲಿ ತಲೆ ತಗ್ಗಿಸಿ, ಮೂರು ಸಲ ಅನ್ನ ಹಾಕಿಸಿಕೊಂಡೆ.