ಹತ್ತಿ ರಾಶಿಯಲ್ಲಿ ಮದುಮಗನ ಚಾಕು

ಮೈಮೇಲೆ ಅರಿಶಿಣ ಇರುವಾಗಲೇ ಗಂಡಸನ್ನು ಕೆಲಸಕ್ಕೆ ಕರೆಸಿಕೊಳ್ಳುವ ಊರು ಈ ಭೂಮಂಡಲದಲ್ಲಿ ಒಂದಿದ್ದರೆ ಅದು ನಮ್ಮ ಆದೋನಿ, ಅದೂ ಹತ್ತಿ ಸೀಸನ್ನಿನಲ್ಲಿ. ಗುರುವಾರ ನನಗೆ ಅರಿಶಿಣ ಹಚ್ಚಿದರು. ಸೋಮವಾರ ಮದುವೆ. ನಡುವಿನ ಶುಕ್ರವಾರ, ಶನಿವಾರ ನಾನು ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ರಾಶಿಗೆ ಮೊಳಕೈತನಕ ಕೈ ತೂರಿಸಿ, ಬೀಜ ಕಚ್ಚಿ ನೋಡಿ, ಮಾಲು ಹಸಿಯೋ ಒಣಗಿದೆಯೋ ಹೇಳಬೇಕಿತ್ತು. ಅಲ್ಲಿ ನಾನು ಸೂಪರ್‌ವೈಸರ್. ರಜೆ ಕೇಳಿದ್ದಕ್ಕೆ ನಮ್ಮ ಸಾವ್ಕಾರ್ ಸಿದ್ದಲಿಂಗೇಶಪ್ಪನವರು, "ಮದುವಿ ಯಾವಾಗರ ಆಗ್ತೈತಿ, ಹತ್ತಿ ಈಗ ಬಂದೈತಿ" ಎಂದರು. (ಆ 'ಯಾವಾಗರ' ಯಾವಾಗ ಎಂದು ಮೂವತ್ತೈದು ವರ್ಷ ಕಾದವನಿಗೆ ಹೇಳುವ ಮಾತೇ ಇದು?)

ಹತ್ತೊಂಬತ್ತು ಕಡೆ ಹೆಣ್ಣು ನೋಡಿ, ಹತ್ತೊಂಬತ್ತು ಕಡೆಯೂ ಉಪ್ಪಿಟ್ಟು ತಿಂದು, ಇಪ್ಪತ್ತನೆಯ ಕಡೆ, ಅಂದರೆ ಕೋಸಗಿಯಲ್ಲಿ, ಅಮೂಲ್ಯ ಎಂಬ ಹುಡುಗಿ ನನ್ನನ್ನು ಒಪ್ಪಿದ್ದಳು. ಹಿಂದಿನ ಹತ್ತೊಂಬತ್ತರಲ್ಲಿ ಎರಡು ಸಂಬಂಧ ನಿಶ್ಚಯವಾದ ಮೇಲೆ ಮುರಿದಿದ್ದವು. ಎರಡಕ್ಕೂ ಕಾರಣ ಜನರ ಕಣ್ಣು ಎಂದು ನಮ್ಮವ್ವ ಕೊಟ್ರಮ್ಮನ ತೀರ್ಮಾನ. ಮಗನ ಸಂಬಳ, ಹೊಟ್ಟೆ, ಬೋಳಾಗುತ್ತಿದ್ದ ನೆತ್ತಿ ಇವು ಯಾವುವೂ ಆಕೆಯ ಲೆಕ್ಕಕ್ಕೆ ಬರಲಿಲ್ಲ. ಅಪ್ಪ ಹೋದ ಮೇಲೆ ಆಕೆಗೆ ಉಳಿದಿದ್ದ ಆಸೆ ಈ ಮದುವೆಯೊಂದೇ. ಇದೂ ತಪ್ಪಿದರೆ ಅವ್ವ ಮತ್ತೆ ಮೇಲೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಾಗಾಗಿ ಆಕೆ ಹೇಳಿದ್ದಕ್ಕೆಲ್ಲ ನಾನು ಹೂಂಗುಟ್ಟುತ್ತಿದ್ದೆ.

ನಮ್ಮ ಕಡೆ ಅರಿಶಿಣ ಹಚ್ಚಿದ ಗಳಿಗೆಯಿಂದ ತಲೆಮೇಲೆ ಅಕ್ಷತೆಯ ಅಕ್ಕಿಕಾಳು ಬೀಳುವತನಕ, ಕಣ್ಣು ತಾಗದಂತೆ, ಮದುಮಗನ ಮೈಮೇಲೆ ಕಬ್ಬಿಣ ಇರಬೇಕು. ಸಾಮಾನ್ಯವಾಗಿ ಒಂದು ಕಟಾರಿ, ಅದರ ತುದಿಗೆ ಚುಚ್ಚಿದ ಒಂದು ನಿಂಬೆಹಣ್ಣು. ಅದನ್ನು ಹಿಡಿದು ಮಿಲ್ಲಿಗೆ ಹೋದರೆ ಮದುಮಗನ ಬದಲು ಪೊಲೀಸರ ಅತಿಥಿಯಾಗಬೇಕಾಗುತ್ತದೆ. ಅವ್ವ ಪೆಟ್ಟಿಗೆ ತಡಕಾಡಿ ನಮ್ಮಜ್ಜನ ಚಾಕು ತೆಗೆದಳು. ಎಲುಬಿನ ಹಿಡಿ, ಮಡಚುವ ಅಲಗು, ಬಿಚ್ಚಿದರೂ ನನ್ನ ನಡುಬೆರಳಿನಷ್ಟೇ ಉದ್ದ. ಅಜ್ಜ ಅದರಲ್ಲಿ ಹತ್ತಿ ಚೀಲದ ಹೊಲಿಗೆ ಬಿಚ್ಚುತ್ತಿದ್ದ, ಎಲೆಯ ತೊಟ್ಟು ತೆಗೆಯುತ್ತಿದ್ದ. ಆ ಚಾಕುವಿನಿಂದ ಯಾರನ್ನಾದರೂ ಇರಿಯಬೇಕೆಂದರೆ ಎದುರಿನವನು ಅರ್ಧ ತಾಸಾದರೂ ಸಹಕರಿಸಬೇಕು.

"ಇದು ಜೇಬಿನಾಗೂ ಬ್ಯಾಡ, ಕೈಯಾಗೂ ಬ್ಯಾಡ" ಎಂದ ಅವ್ವ, ಚಾಕು ಮತ್ತು ನಿಂಬೆಹಣ್ಣನ್ನು ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿ ನನ್ನ ಉಡದಾರಕ್ಕೆ ಸಿಕ್ಕಿಸಿದಳು. "ಬಿಚ್ಚಿ ನೋಡಬ್ಯಾಡ. ಸೋಮವಾರದ ತನಕ ಇದು ನಿನ್ನ ಮೈಬಿಟ್ಟು ಕದಲಬಾರ್ದು. ಕದಲಿತೋ, ನಾ ಸತ್ತಂಗ."

ಇತ್ತ ಮಿಲ್ಲಿನ ಕಾನೂನು ಇದಕ್ಕೆ ತದ್ವಿರುದ್ಧ. ಜಿನ್ನಿಂಗ್ ಮಿಲ್ಲಿನೊಳಗೆ ಬೆಂಕಿಪೊಟ್ಟಣ ಒಯ್ಯಬಾರದು, ಬೀಡಿ ಒಯ್ಯಬಾರದು, ಬಿಡಿ ಕಬ್ಬಿಣವನ್ನಂತೂ ಒಯ್ಯಲೇಬಾರದು. ಹತ್ತಿಯ ಜೊತೆ ಒಂದು ಮೊಳೆ ಬೀಜ ಬಿಡಿಸುವ ಜಿನ್ನು ಯಂತ್ರಕ್ಕೆ ಸಿಕ್ಕರೂ ಕಿಡಿ ಹಾರುತ್ತದೆ, ಕಿಡಿ ಹಾರಿದರೆ ಅಗ್ನಿದೇವನಿಗೆ ಸಮಾರಾಧನೆ. ಈ ನಿಯಮವನ್ನು ದಪ್ಪ ಅಕ್ಷರದಲ್ಲಿ ಬರೆಸಿ ಗೇಟಿಗೆ ತೂಗುಹಾಕಿದ ಪುಣ್ಯಾತ್ಮ ನಾನೇ.

ಶುಕ್ರವಾರ ಗೇಟಿನಲ್ಲಿ ವಾಚ್‌ಮನ್ ಶಿವಕೃಷ್ಣ ರೂಢಿಯಂತೆ, "ಕತ್ತಿ ಗಿತ್ತಿ ಏಮನ್ನಾ ಉಂದಾ ಸಾರ್?" ಎಂದು ತೆಲುಗಿನಲ್ಲಿ ಕೇಳಿದ. (ತೆಲುಗಿನಲ್ಲಿ ಕತ್ತಿ ಎಂದರೆ ಚಾಕೂ ಹೌದು.)

"ಕತ್ತಿ ಇಲ್ಲಪ್ಪ, ಕತ್ತಿ ಇಲ್ಲದ ಕತ್ತೆ ಒಂದು ಒಳಗ ಹೊಂಟೈತಿ" ಎಂದು ನಕ್ಕೆ. ಅವನೂ ನಕ್ಕು ಬಿಟ್ಟ. ಸುಳ್ಳು ಹೇಳಿದ್ದು ಅರ್ಧ ಮಾತ್ರ ಎಂದು ಸಮಾಧಾನ ಮಾಡಿಕೊಂಡೆ. ಆ ದಿನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಓಡಾಡಿದೆ. ನೋಡಿದವರು ಮದುವೆಯ ಲಾಡು ಹೆಚ್ಚಾಗಿದೆ ಎಂದುಕೊಂಡಿರಬೇಕು.

ಶನಿವಾರ ಬೆಳಿಗ್ಗೆ ಅವ್ವ, "ನಿನ್ನೀದು ಬಾಡೇತಿ, ಹೊಸಾ ನಿಂಬಿಹಣ್ಣು ಇಟ್ಟು ಕಟ್ಟೀನಿ" ಎನ್ನುತ್ತ ತಾನೇ ಗಂಟನ್ನು ಉಡದಾರಕ್ಕೆ ಸಿಕ್ಕಿಸಿದಳು. ಹನ್ನೊಂದರ ಹೊತ್ತಿಗೆ ಎರಡನೇ ರಾಶಿಯ ನೆತ್ತಿ ಹತ್ತಿ, ನಾಲ್ಕು ಕಡೆ ಕೈ ತೂರಿಸಿ, ಜಾರಿಕೊಂಡು ಇಳಿದು ಸೊಂಟ ಮುಟ್ಟಿ ನೋಡಿಕೊಂಡರೆ ಉಡದಾರ ಇದೆ, ಗಂಟು ಇಲ್ಲ.

ಅರ್ಧ ತಾಸು ಒಬ್ಬನೇ ಹತ್ತಿ ಕೆದರಿದೆ. ಕಸ ಆರಿಸುವ ಹೆಂಗಸರ ಮುಖಂಡಳಾದ ಪೀರಮ್ಮ ಹತ್ತಿರ ಬಂದು ಕೈ ಚಾಚಿದಳು. ಅಂಗೈಯಲ್ಲಿ ಬಿಚ್ಚಿಕೊಂಡ ಹಳದಿ ಬಟ್ಟೆ, ಒಂದು ನಿಂಬೆಹಣ್ಣು.

"ಇದನ್ನೇನ ಹುಡುಕಾಕತ್ತೀದಿ ಸೂಪರ್‌ವೈಸರಣ್ಣ? ಯಾರೋ ಮಾಟ ಮಾಡಿಸ್ಯಾರ ಅಂತ ನಾವು ಹೆದರಿ ದೂರ ನಿಂತಿದ್ವಿ."

"ಇದರೊಳಗ ಚಾಕು ಇತ್ತಲ್ಲ, ಎಲ್ಲಿ?"

"ಚಾಕು ಕಾಣಲಿಲ್ಲ. ಹಣ್ಣು ಒಂದ ಇತ್ತು."

ಎರಡು ದಾರಿ ಇದ್ದವು. ಬಾಯಿ ಮುಚ್ಚಿಕೊಂಡರೆ ಅಜ್ಜನ ಚಾಕು ಜಿನ್ನಿಗೆ ಹೋಗಿ ಮಿಲ್ಲು ಸುಟ್ಟು ಬೂದಿ. ಬಾಯಿ ಬಿಟ್ಟರೆ ಸುದ್ದಿ ಅವ್ವನ ಕಿವಿಗೆ ಬಿದ್ದು ಆಕೆಯ ಎದೆ ಒಡೆಯುವುದು ಖಂಡಿತ. ಒಳಗೆ ಪೀರಮ್ಮನಂಥ ನಲವತ್ತು ಜನ ಕೆಲಸ ಮಾಡುತ್ತಿದ್ದರು. ಓಡಿಹೋಗಿ ಸಾವ್ಕಾರ್ರ ಮುಂದೆ ನಿಂತೆ. ಯಂತ್ರಗಳ ಸದ್ದಿನಲ್ಲಿ ಕೂಗಿಯೇ ಹೇಳಬೇಕಾಯಿತು.

"ಚಾಕು ರೀ, ಚಾಕು."

"ಸಾಕು ಅಂದ್ರ ಹೆಂಗ? ಇನ್ನೂ ಮೂರು ಲಾರಿ ಬರೋದೈತಿ."

"ಸಾಕಲ್ಲರಿ, ಚಾಕು. ರಾಶ್ಯಾಗ ಬಿದ್ದೈತಿ."

ಸಾವ್ಕಾರ್ರ ಮುಖ ಹತ್ತಿಯ ಬಣ್ಣಕ್ಕೆ ತಿರುಗಿತು. ಮರುಕ್ಷಣ ಯಂತ್ರಗಳೆಲ್ಲ ನಿಂತವು. ಆ ನಿಶ್ಶಬ್ದದಲ್ಲಿ ಅವರು ನನ್ನ ವಂಶಾವಳಿಯನ್ನು ಕನ್ನಡ, ತೆಲುಗು ಎರಡರಲ್ಲೂ ಸವಿವರವಾಗಿ ಪಾರಾಯಣ ಮಾಡಿದರು. ಕೊನೆಗೆ, "ಆ ಬೋರ್ಡು ಬರೆಸಿದಾವ ಯಾರಲೇ?" ಎಂದರು.

ನಲವತ್ತು ಹೆಂಗಸರು ಸಾಲಾಗಿ ಕುಳಿತು ರಾಶಿಯನ್ನು ಹಿಡಿ ಹಿಡಿಯಾಗಿ ಬಿಡಿಸತೊಡಗಿದರು. ಹೆಂಗಸರು ಸಾಲಾಗಿ ಕುಳಿತು, ನಡುವೆ ಅರಿಶಿಣದ ಮದುಮಗ ಸಿಕ್ಕರೆ ಸುಮ್ಮನಿರುತ್ತಾರೆಯೇ? ಪೀರಮ್ಮ ಸೋಬಾನೆಯ ಧಾಟಿಯಲ್ಲಿ ಅಲ್ಲೇ ಕಟ್ಟಿ ಹಾಡಿದಳು:

"ಹತ್ತಿಯೊಳಗ ಚಾಕು ಚೆಲ್ಲ್ಯಾನ ನಮ್ಮಣ್ಣ,
ಮುತ್ತಿನಂಥ ಮಡದಿ ಎಲ್ಲಿ ಚೆಲ್ಲ್ಯಾನೊ, ಸೋ..."

ಯಾವಳೋ ಅದನ್ನು ಫೋನಿನಲ್ಲಿ ಹಿಡಿಯುತ್ತಿದ್ದಳು. "ಅವ್ವಗ ಮಾತ್ರ ಹೇಳಬ್ಯಾಡ್ರಿ" ಎಂದು ಕೈಮುಗಿದೆ. ಅದೂ ಚಿತ್ರೀಕರಣವಾಯಿತು.

ಮಧ್ಯಾಹ್ನ ಮೂರಕ್ಕೆ ರಾಶಿ ಬಹುಪಾಲು ಬಿಡಿಸಿ ಆಯಿತು. ಸಿಕ್ಕಿದ್ದು ಇಷ್ಟು: ಎರಡು ಗಾಜಿನ ಬಳೆ ಚೂರು, ಒಂದು ಬಾಚಣಿಗೆ, ಅರ್ಧ ಬೀಡಿ (ಶಿವಕೃಷ್ಣ ಆಕಾಶ ನೋಡುತ್ತ ನಿಂತ). ಚಾಕು ಇಲ್ಲ. ಕೊನೆಯ ಮಂಕರಿ ಹತ್ತಿ ಬಿಡಿಸುತ್ತಿದ್ದ ಪೀರಮ್ಮ ಮಾತ್ರ ಹಾಡು ನಿಲ್ಲಿಸಿ, "ಯಪ್ಪಾ, ಇದೇನ ನೋಡ್ರಿ" ಎಂದಳು. ಹೆಬ್ಬೆರಳ ಗಾತ್ರದ ಬೋಲ್ಟು. ಯಾವ ಟ್ರ್ಯಾಕ್ಟರಿನಿಂದ ಕಳಚಿ ಬಿದ್ದಿತ್ತೋ.

ಸಾವ್ಕಾರ್ರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಅಲ್ಲೇ ಚೀಲದ ಮೇಲೆ ಕುಸಿದು ಕುಳಿತರು. ಅಂದು ಆ ರಾಶಿ ಹನ್ನೆರಡಕ್ಕೆ ಜಿನ್ನಿಗೆ ಹೋಗಬೇಕಿತ್ತು. ಆಮೇಲೆ ಮೆತ್ತಗೆ, "ಕಿರಣಪ್ಪ, ನಿನ್ನ ಚಾಕು ಇಷ್ಟು ಜನರ ಜೀವ ಉಳಿಸೇತಿ. ಅದು ಸಿಗೋತನಕ ಈ ರಾಶಿ ಬದಿಗಿರಲಿ. ನೀ ಮನೀಗೆ ಹೋಗು, ಮದುವಿ ಮಾಡ್ಕೋ" ಎಂದರು.

ನನ್ನ ಎದೆ ಉಬ್ಬಿತು. ಅವ್ವನಿಗೆ ಹೇಳಲು ಒಂದು ದಾರಿ ಸಿಕ್ಕಿತ್ತು. ಮನೆಯ ತನಕ ಭಾಷಣ ಸಿದ್ಧಪಡಿಸಿದೆ: ಅಜ್ಜನ ಖಡ್ಗವು ಹತ್ತಿಯ ಕ್ಷೀರಸಾಗರದಲ್ಲಿ ಆತ್ಮಾರ್ಪಣೆ ಮಾಡಿಕೊಂಡು ಮಿಲ್ಲನ್ನೂ ನಲವತ್ತು ಸಂಸಾರಗಳನ್ನೂ ಕಾಪಾಡಿದೆ, ಕಣ್ಣು ಬಿದ್ದದ್ದೆಲ್ಲ ಅಲ್ಲಿಗೇ ಕಳೆಯಿತು, ನೀನು ಅಳಬೇಡ.

ಅವ್ವ ಪಡಸಾಲೆಯಲ್ಲಿ ಅಕ್ಕಿಕಾಳಿಗೆ ಅರಿಶಿಣ ಕಲಸುತ್ತಿದ್ದಳು. ಭಾಷಣವನ್ನು ಪೂರ್ತಿ ಕೇಳಿಸಿಕೊಂಡಳು. ಅಳಲಿಲ್ಲ.

"ನಿನ್ನ ಹತ್ರ ಚಾಕು ಎಲ್ಲಿತ್ತಲೇ?" ಎಂದಳು.

"ಗಂಟಿನಾಗ."

"ಇವತ್ತಿನ ಗಂಟಿನಾಗ ನಿಂಬಿಹಣ್ಣು ಒಂದ ಇತ್ತು. ನಿಮ್ಮಪ್ಪ ಮಿಲ್ಲಿನಾಗ ಇಪ್ಪತ್ತು ವರ್ಷ ದುಡದಾನ. ಹತ್ತ್ಯಾಗ ಕಬ್ಬಿಣ ಒಯ್ಯಬಾರ್ದು ಅಂತ ನಂಗ ಗೊತ್ತಿಲ್ಲೇನು? ಮದುವಿ ಗದ್ದಲದಾಗ ಮರತು ಕಟ್ಟಿ ಕಳಿಸಿದೆ. ನಿನ್ನಿ ಇಡೀ ದಿನ ಜೀವ ಕೈಯಾಗ ಹಿಡ್ಕೊಂಡು ಕುಂತಿದ್ದೆ. ಸಂಜಿ ನೀ ಜಳಕಕ್ಕ ಹೋಗುವಾಗ ಗಂಟು ನನ್ನ ಕೈಯಾಗ ಕೊಟ್ಟಿದ್ದಿ, ಆಗ ಚಾಕು ತಗದುಬಿಟ್ಟೆ."

"ಹೇಳಬಾರದೇನವ್ವ?"

"ಹೇಳಿದ್ರ ಮೈಮ್ಯಾಲೆ ಕಬ್ಬಿಣ ಇಲ್ಲ ಅಂತ ನೀನ ಹೆದರ್ತಿದ್ದಿ. ಧೈರ್ಯಕ್ಕ ನಿನಗ ನಿಂಬಿಹಣ್ಣು ಸಾಕು."

ಮೊದಲು ಸಾವ್ಕಾರ್ರಿಗೆ ಫೋನ್ ಮಾಡಿ ನಿಜ ಹೇಳಿದೆ.

"ಅಂದ್ರ ಬೋಲ್ಟು ಹಿಡದುಕೊಟ್ಟಿದ್ದು ನಿಂಬಿಹಣ್ಣೇನು?"

"ಹೌದ್ರಿ."

"ನಿಮ್ಮವ್ವಗ ಹೇಳಿ ನಂಗೂ ಒಂದು ಕಟ್ಟಿಸಿಡು. ಸೋಮವಾರ ಬಂದಾಗ ಒಯ್ತೀನಿ."

ಫೋನಿಟ್ಟು ಅವ್ವನ ಕಡೆ ತಿರುಗಿದೆ. "ಹಂಗಾರ ಚಾಕು ಈಗ ಎಲ್ಲೈತಿ?"

"ಕೋಸಗ್ಯಾಗ. ನಿನ್ನಿ ರಾತ್ರಿ ನಿಮ್ಮ ಚಂದ್ರಣ್ಣ ಮಾವ ಸೀರಿ ಬುಟ್ಟಿ ತಗೊಂಡು ಹೊಂಟಿದ್ದ, ಅವನ ಕೈಯಾಗ ಅಮೂಲ್ಯಗ ಕಳಿಸೀನಿ. ಇಬ್ಬರಾಗ ಒಬ್ಬರ ಹತ್ರ ಇದ್ರ ಇಬ್ಬರಿಗೂ ಆಗ್ತೈತಿ. ಆಕಿ ಜ್ವಾಕಿ ಹುಡುಗಿ, ಕಳಕೊಳ್ಳಂಗಿಲ್ಲ."

ಅಷ್ಟರಲ್ಲಿ ಕೈಯಲ್ಲಿದ್ದ ಫೋನು ಕೂಗಿತು. ಅಮೂಲ್ಯ. ಮದುವೆ ಗೊತ್ತಾದ ಮೇಲೆ ಆಕೆ ತಾನಾಗಿ ಫೋನ್ ಮಾಡಿದ್ದು ಅದೇ ಮೊದಲು. ಗಂಟಲು ಸರಿಮಾಡಿಕೊಂಡು ಗಂಡಿನ ಗತ್ತಿನಲ್ಲಿ "ಹಲೋ" ಎಂದೆ.

"ನಿಮ್ಮ ಮಿಲ್ಲಿನ ಹಾಡು ನಮ್ಮೂರ ತನಕ ಬಂತ್ರಿ. ನಾವೆಲ್ಲ ಎರಡು ಸಲ ನೋಡಿದ್ವಿ. ಹತ್ತಿ ಬಿಡಿಸಾಕ ಕುಂದ್ರೋಕಿಂತ ಮೊದಲ ಮನೀಗೆ ಒಂದು ಫೋನ್ ಮಾಡಿ ಕೇಳಬಾರದೇನ್ರಿ?"

"ಹೊಳೀಲಿಲ್ಲ" ಎಂದೆ. ಗತ್ತು ಅಲ್ಲಿಗೇ ಹೋಯಿತು.

"ಹೋಗ್ಲಿ ಬಿಡ್ರಿ" ಎಂದಳು. ದನಿ ಮೆತ್ತಗಿತ್ತು, ನಗುವನ್ನು ಹಲ್ಲಿನ ಹಿಂದೆ ಹಿಡಿದಿದ್ದಳು. "ಚಾಕು ನಾ ಉಡ್ಯಾಗ ಕಟ್ಟಿಕೊಂಡೀನಿ. ನೀವು ಇನ್ನ ಏನೂ ಮುಟ್ಟಬ್ಯಾಡ್ರಿ, ಏನೂ ಹುಡುಕಬ್ಯಾಡ್ರಿ. ಅಕ್ಕಿಕಾಳು ಬೀಳೋತನಕ ಸುಮ್ಮನ ಕುಂದರ್ರಿ, ಉಳಿದಿದ್ದೆಲ್ಲ ನಾ ನೋಡ್ಕೊಂತೀನಿ."

ಅಕ್ಕಿಕಾಳು ಬಿದ್ದು ಎರಡು ವರ್ಷವಾಯಿತು. ಏಳಿರಿ ಎಂದು ಆಕೆ ಇನ್ನೂ ಹೇಳಿಲ್ಲ.