ಮೇಲಿನ ಓಣಿಗೆ ಒಂದು ಟ್ಯಾಂಕು

ನೀರು ಸರಬರಾಜಿನ ಕೆಲಸದಲ್ಲಿದ್ದವನಿಗೆ ನಗುವಿಗೇನೂ ಬರವಿಲ್ಲ. ಬರ ಇರುವುದು ನೀರಿಗೆ ಮಾತ್ರ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹೊಸಪೇಟೆಯಲ್ಲಿ ಜೂನಿಯರ್ ಇಂಜಿನಿಯರ್. ಊರ ಪಕ್ಕದಲ್ಲೇ ಕಣ್ಣು ಹಾಯುವಷ್ಟು ದೂರ ಡ್ಯಾಮಿನ ನೀರು, ಊರೊಳಗೆ ತುಂಬಿ ಹರಿಯುವ ಕಾಲುವೆ. ಆದರೆ ಗುಡ್ಡಕ್ಕೆ ಆತುಕೊಂಡ ಮೇಲಿನ ಓಣಿಯ ನಳಗಳಲ್ಲಿ ಬರುತ್ತಿದ್ದದ್ದು ಬರೀ ಗಾಳಿ. ನಾನೂ ಅದೇ ಓಣಿಯಲ್ಲಿ ಬಾಡಿಗೆಗಿದ್ದೆ. ಅಲ್ಲೊಂದು ಎತ್ತರದ ಟ್ಯಾಂಕು ಕಟ್ಟಿಸಬೇಕು ಎಂಬುದೊಂದೇ ಆಗ ನನ್ನ ಆಸೆ.

ಮೂವತ್ತು ವರ್ಷದ ಲೆಕ್ಕ

ಟ್ಯಾಂಕಿನ ವಿಷಯ ತಿಳಿಸಲು ಓಣಿಯ ಜನರನ್ನು ಕೂಡಿಸಿ, ಗೋಡೆಗೆ ದೊಡ್ಡ ನಕ್ಷೆ ತೂಗುಹಾಕಿದೆ. ಇನ್ನು ಮೂವತ್ತು ವರ್ಷಕ್ಕೆ ಊರು ಎಷ್ಟು ಬೆಳೆಯುತ್ತದೆ, ಸಂಡೂರಿನ ಗಣಿಗಳಿಗೆಂದು ಎಷ್ಟು ಜನ ಬರುತ್ತಾರೆ, ಡ್ಯಾಮಿನಲ್ಲಿ ಹೂಳು ತುಂಬಿದರೆ ಗದ್ದೆಗೂ ಊರಿಗೂ ನೀರಿನ ಜಗಳ ಹೇಗೆ ಹತ್ತುತ್ತದೆ ಎಂದೆಲ್ಲ ಉತ್ಸಾಹದಿಂದ ವಿವರಿಸಿದೆ. ಎಲ್ಲರೂ ತಲೆದೂಗಿದರು. ಕೊನೆಗೆ ನಮ್ಮ ಪಕ್ಕದ ಮನೆಯ ಅಜ್ಜಿ ಎದ್ದಳು.

"ತಮ್ಮಾ, ಮೂವತ್ತು ವರ್ಷಕ್ಕ ನಾ ಇರಂಗಿಲ್ಲ. ನಾಳಿ ಮುಂಜಾನಿ ಎಷ್ಟೊತ್ತಿಗೆ ನೀರು ಬಿಡ್ತಿ, ಅಷ್ಟ ಹೇಳು."

ಅದೊಂದು ಬಿಟ್ಟು ಬೇರೆ ಎಲ್ಲವೂ ನಕ್ಷೆಯಲ್ಲಿತ್ತು.

ಗುಂಡಿಯೊಳಗಿನ ಮನುಷ್ಯರು

ನೀರು ಮೇಲೇರದಿರಲು ಕೆಳಗಿನ ಓಣಿಯ ಗುಂಡಿಗಳೂ ಕಾರಣ. ನಳ ತಗ್ಗಿನಲ್ಲಿದ್ದಷ್ಟೂ ನೀರು ಜೋರು. ಹಾಗಾಗಿ ಅಲ್ಲಿ ಪ್ರತಿಯೊಬ್ಬರೂ ಮನೆ ಮುಂದೆ ಗುಂಡಿ ತೋಡಿ, ನಳವನ್ನು ಅದರೊಳಗೆ ಇಳಿಸಿಕೊಂಡಿದ್ದರು. ಒಮ್ಮೆ ಬುದ್ಧಿ ಹೇಳೋಣವೆಂದು ಹೋದೆ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ.

"ಯಾರಿದ್ದೀರ್ರಿ?" ಎಂದು ಕೂಗಿದೆ.

"ನಾ ಇದೀನ್ರಿ!" ಎಂದು ನೆಲದೊಳಗಿಂದ ಒಂದು ದನಿ ಬಂತು.

"ಗುಂಡಿ ಮುಚ್ರಿ. ಮ್ಯಾಲಿನವರಿಗೆ ನೀರು ಹತ್ತವಲ್ದು."

"ನಾ ಎಲ್ಲಿ ಶುರು ಮಾಡೀನ್ರಿ ಸಾಹೇಬ್ರ? ಬಾಜೂ ಮನಿಯವ್ರು ತೋಡಿದ್ರು, ನಾನೂ ತೋಡಿದೆ. ಅವರು ಮುಚ್ಚಲಿ, ನಾನೂ ಮುಚ್ಚತೀನಿ."

"ನಾ ಯಾಕ ಮೊದಲು ಮುಚ್ಚಲಿ?" ಎಂದು ಪಕ್ಕದ ಗುಂಡಿ ಕೇಳಿತು.

ಇಬ್ಬರೂ ಬಾಯಿ ತುಂಬ ಜಗಳವಾಡಿದರು. ಇಬ್ಬರ ಮುಖವನ್ನೂ ನಾನು ನೋಡಲಿಲ್ಲ. ಕೊನೆಗೆ ಒಂದು ಗುಂಡಿಯಿಂದ ಕೈಯೊಂದು ಮೇಲೆ ಬಂದು ಮೆಟ್ಟಿಲು ತೋರಿಸಿತು: "ಬಿಸಲಾಗ ಯಾಕ ನಿಂತೀರಿ, ಇಳದು ಬರ್ರಿ, ಚಹಾ ಕುಡ್ಯೂಣು."

ಕಂಪ್ಲಿಯ ಮಾವ

ನನ್ನ ಸೋದರಮಾವ ಕಂಪ್ಲಿಯಲ್ಲಿ ಕಾಲುವೆ ನೀರಿನ ಕೆಳಗೆ ಭತ್ತ ಬೆಳೆಯುವವನು. ಗದ್ದೆಯ ಮಡಿ ತುಂಬಿ ತುಳುಕದಿದ್ದರೆ ಅವನಿಗೆ ಊಟ ಸೇರುವುದಿಲ್ಲ. ಒಮ್ಮೆ ನಮ್ಮ ಮನೆಗೆ ಬಂದಾಗ, ನಾವು ಒಳಗಿದ್ದಷ್ಟು ಹೊತ್ತಿನಲ್ಲಿ ಹೊರಗಿನ ಹಂಡೆ, ಕೊಡ ಎಲ್ಲ ಖಾಲಿ ಮಾಡಿ ಒಂದೇ ಒಂದು ಮಲ್ಲಿಗೆ ಗಿಡದ ಬುಡಕ್ಕೆ ಸುರಿದಿದ್ದ. ಹೆಂಡತಿ ದೂರದಿಂದ ಹೊತ್ತು ತಂದಿದ್ದ ನೀರು ಅದು. ಅವಳ ಕಣ್ಣಲ್ಲಿ ನೀರಾಡಿತು.

ಮಾವ ಕೈ ಒರೆಸಿಕೊಳ್ಳುತ್ತಾ, "ಗಿಡ ಭಾಳ ಬಾಡಿತ್ತವ್ವಾ. ಸಂಜಿಮುಂದ ಇನ್ನೊಂದು ಸಲ ಹಾಯಿಸೂಣು" ಎಂದ.

ಸಾಹೇಬರು ಬಂದ ದಿನ

ಅಂತೂ ಟ್ಯಾಂಕಿನ ತೀರ್ಮಾನ ಮಾಡಲು ಬೆಂಗಳೂರಿನಿಂದ ದೊಡ್ಡ ಇಂಜಿನಿಯರು ಬಂದರು. ಒಣಗಿದ ನಳ ಅವರ ಕಣ್ಣಿಗೆ ಬಿದ್ದರೆ ಸಾಕು, ಟ್ಯಾಂಕು ನಮ್ಮದು. ಮುಂದಿನ ಬೇಸಿಗೆಯನ್ನೂ ಕೊಡ ಹೊತ್ತೇ ಕಳೆಯಬೇಕೋ ಬೇಡವೋ ಎಂಬುದು ಆ ಮುಂಜಾನೆಯೇ ಇತ್ಯರ್ಥವಾಗಬೇಕಿತ್ತು.

ಸಾಹೇಬರು ಅಜ್ಜಿಯ ಮನೆ ಮುಂದಿನ ನಳ ತಿರುಗಿಸಿದರು. ನೀರು ಧೋ ಎಂದು ಬಂದು ಅವರ ಪ್ಯಾಂಟು ನೆನೆಸಿತು!

ಆಮೇಲೆ ತಿಳಿಯಿತು: ದೊಡ್ಡವರು ಬಂದಾಗ ನಳ ಒಣಗಿದ್ದರೆ ಊರ ಮರ್ಯಾದೆ ಹೋಗುತ್ತದೆಂದು ಕೆಳಗಿನ ಓಣಿಯವರು ಮಾತಾಡಿಕೊಂಡು, ಅವತ್ತೊಂದು ದಿನ ತಮ್ಮ ನಳಗಳನ್ನೆಲ್ಲ ಬಂದ್ ಮಾಡಿದ್ದರು.

"ಏನ್ರೀ ಇದು? ನೀರೇ ಬರಲ್ಲ ಅಂದ್ರಲ್ಲ!" ಎಂದು ಸಾಹೇಬರು ನನ್ನ ಮೇಲೆ ಹರಿಹಾಯ್ದರು. ದಿನಾ ನನ್ನ ವಂಶವನ್ನೇ ಬೈಯುತ್ತಿದ್ದ ಅಜ್ಜಿಗೆ ಆಗ ನನ್ನ ಮೇಲೆ ಕರುಣೆ ಉಕ್ಕಿತು. ಹುಡುಗನ ನೌಕರಿ ಹೋಗುತ್ತದೆಂದುಕೊಂಡಳು.

"ಬೈಬ್ಯಾಡ್ರಿ ಸಾಹೇಬ್ರ. ಬಂಗಾರದಂಥಾ ಹುಡುಗ. ಒಂದಿನಾನೂ ನಮಗ ನೀರು ತಪ್ಪಿಸಿಲ್ಲ."

ನನ್ನ ಟ್ಯಾಂಕು ಅಲ್ಲೇ ಮುಳುಗಿತು. ಅಳು ಬಂದಿತ್ತು, ಅಜ್ಜಿಯ ಪ್ರೀತಿಗೋ, ಟ್ಯಾಂಕಿಗೋ ಗೊತ್ತಾಗಲಿಲ್ಲ.

ಆದರೆ ಹಾಗೆ ಹೇಳುತ್ತಲೇ ಅಜ್ಜಿ ನಳದ ಕೆಳಗೆ ಕೊಡ ಇಟ್ಟಿದ್ದಳು. ಅದು ತುಂಬಿತು. ಬಕೀಟು ತುಂಬಿತು. ಸದ್ದು ಕೇಳಿ ಓಣಿಯ ಹೆಂಗಸರೆಲ್ಲ ಓಡಿಬಂದರು. ಪರಾತ, ಹಾಲಿನ ತಂಬಿಗೆ, ಕೊನೆಗೆ ರುಬ್ಬುವ ಒಳಕಲ್ಲಿನ ಕುಣಿಯನ್ನೂ ಬಿಡಲಿಲ್ಲ. ಸಾಹೇಬರು ನೋಡುತ್ತಲೇ ನಿಂತರು.

"ದಿನಾ ಹೀಗೇ ಬರುತ್ತಾ ಅಜ್ಜೀ?"

"ದಿನಾ ಬರ್ತೈತ್ರಿ" ಎಂದ ಅಜ್ಜಿಯ ಕಣ್ಣು ಅವರ ಹೆಗಲಿನ ಫ್ಲಾಸ್ಕಿನ ಮೇಲೆ ಬಿತ್ತು. "ಅದು ಖಾಲಿ ಐತೇನ್ರಿ? ಜಲ್ದಿ ಕೊಡ್ರಿ ಇಲ್ಲಿ, ನಿಂತು ಹೋಗತೈತಿ!"

ಸಾಹೇಬರು ಮೊದಲು ಫ್ಲಾಸ್ಕು ಕೊಟ್ಟರು. ಆಮೇಲೆ ಟ್ಯಾಂಕು ಕೊಟ್ಟರು.